ಅಂಗಡಿಗೆ ಮುನ್ನ ಲೆಕ್ಕದ ಪುಸ್ತಕ

(ಪಟ್ಟಣದ ಯುವಕರಿಗಾಗಿ ಏರ್ಪಡಿಸಲಾದ ವ್ಯಾಪಾರ ಮಾಹಿತಿ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಪಟ್ಟಣಗಳಲ್ಲಿ ಹೊಸ ಅಂಗಡಿಯ ಉದ್ಘಾಟನೆ ಎಂದರೆ ಅದೊಂದು ಸಂಭ್ರಮ. ಉಸ್ತಾದರು ದುಆ ಮಾಡುತ್ತಾರೆ, ಬಂಧುಗಳು ಸೇರುತ್ತಾರೆ, ಶರಬತ್ತು ಹಂಚಲಾಗುತ್ತದೆ. ಆದರೆ ಒಂದೂವರೆ ವರ್ಷದ ಬಳಿಕ ಅದೇ ಶಟರಿನ ಮೇಲೆ 'ಬಾಡಿಗೆಗೆ ಇದೆ' ಎಂಬ ಫಲಕ ಬಿದ್ದಾಗ ಯಾರೂ ಸೇರುವುದಿಲ್ಲ. ಏನಾಯಿತು ಎಂದು ಯಾರೂ ವಿಚಾರಿಸುವುದೂ ಇಲ್ಲ. ನಸೀಬು ಇರಲಿಲ್ಲ ಎಂದು ಕೆಲವರು, ಕಣ್ಣು ಬಿತ್ತು ಎಂದು ಇನ್ನು ಕೆಲವರು ಹೇಳಿ ಮುಗಿಸಿಬಿಡುತ್ತಾರೆ. ಆ ಅಂಗಡಿಯೊಳಗೆ ಕರಗಿಹೋದದ್ದು ಯಾರ ಹಣ? ತಾಯಿಯ ಬಳೆ, ಪತ್ನಿಯ ಸರ, ಮರುಭೂಮಿಯಲ್ಲಿ ದುಡಿದ ಅಣ್ಣನ ಹತ್ತು ವರ್ಷಗಳ ಉಳಿತಾಯ. ಇಂದು ನಾವು ಮಾತನಾಡಬಯಸುವುದು ಆ ಹಣದ ಬಗ್ಗೆ, ಮತ್ತು ಅದನ್ನು ಹಾಕುವ ಮೊದಲು ಬರೆಯಬೇಕಾದ ಹತ್ತು ಪುಟಗಳ ಬಗ್ಗೆ.

ವ್ಯಾಪಾರವು ನಮ್ಮ ಸಮುದಾಯಕ್ಕೆ ಹವ್ಯಾಸವಲ್ಲ, ಅದು ಜೀವನೋಪಾಯ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿಯು 2006ರ ನವೆಂಬರ್‌ನಲ್ಲಿ ಸಲ್ಲಿಸಿದ ವರದಿಯು ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿರಿಸಿ ತೋರಿಸಿತ್ತು. ದುಡಿಯುವ ಮುಸ್ಲಿಮರಲ್ಲಿ ಸ್ವಯಂ ಉದ್ಯೋಗಿಗಳ ಪ್ರಮಾಣ ಇತರರಿಗಿಂತ ಹೆಚ್ಚು, ಬ್ಯಾಂಕ್ ಸಾಲದಲ್ಲಿ ಅವರಿಗೆ ದಕ್ಕುವ ಪಾಲು ಕಡಿಮೆ. ಅಂದರೆ ನಮ್ಮಲ್ಲಿ ಹೆಚ್ಚಿನವರು ಮನೆಯ ಹಣದಿಂದಲೇ ವ್ಯಾಪಾರ ಮಾಡುತ್ತಾರೆ. ಅದರ ಮೇಲೆ ಗಲ್ಫ್‌ನಿಂದ ಮರಳುವವರ ಸಂಖ್ಯೆ. ಸೌದಿ ಅರೇಬಿಯಾವು 2011ರಲ್ಲಿ ನಿತಾಕತ್ ಜಾರಿಗೆ ತಂದಿತು, 2017ರಲ್ಲಿ ವಿದೇಶೀಯರ ಕುಟುಂಬ ಸದಸ್ಯರ ಮೇಲೆ ಮಾಸಿಕ ಶುಲ್ಕ ವಿಧಿಸಿತು, 2020ರಲ್ಲಿ ಕೊರೋನಾ ಬಂತು. ಪ್ರತಿಯೊಂದು ಸಲವೂ ಊರಿಗೆ ಮರಳಿದವರ ಮುಂದೆ ಒಂದೇ ಪ್ರಶ್ನೆ: ಇನ್ನೇನು ಮಾಡುವುದು? ಹೆಚ್ಚಿನವರ ಉತ್ತರವೂ ಒಂದೇ: ಒಂದು ಅಂಗಡಿ ಹಾಕೋಣ.

ಹಾಕಲಿ. ಆದರೆ ಮೊದಲು ಬರೆಯಲಿ.

ಬರೆಯುವುದೇಕೆ?

ವ್ಯಾಪಾರ ಯೋಜನೆ ಎಂದೊಡನೆ ಅದು ದೊಡ್ಡ ಕಂಪೆನಿಗಳ ಕೆಲಸ, ಇಂಗ್ಲಿಷ್ ಬಲ್ಲವರ ಕೆಲಸ ಎಂಬ ಭಾವನೆ ನಮ್ಮಲ್ಲಿದೆ. ಇನ್ನು ಕೆಲವರು ಅದನ್ನು ತವಕ್ಕುಲ್‌ನ ಕೊರತೆ ಎಂದೂ ತಿಳಿಯುತ್ತಾರೆ. ಅನ್ನ ಕೊಡುವವನು ಅಲ್ಲಾಹನು, ಲೆಕ್ಕ ಹಾಕಿ ಏನು ಪ್ರಯೋಜನ ಎನ್ನುತ್ತಾರೆ. ಈ ಮಾತು ಭಕ್ತಿಯಂತೆ ಕೇಳಿಸುತ್ತದೆ, ಆದರೆ ಇದರೊಳಗೆ ಸೋಮಾರಿತನ ಅಡಗಿದೆ. ಪವಿತ್ರ ಕುರ್‌ಆನ್‌ನ ಅತಿ ದೀರ್ಘ ಸೂಕ್ತವು ಯಾವ ವಿಷಯದಲ್ಲಿದೆ ಎಂಬುದನ್ನು ನಾವೊಮ್ಮೆ ನೆನಪಿಸಿಕೊಳ್ಳಬೇಕು. ಅದು ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಬರೆಯುವವನು ಹೇಗಿರಬೇಕು, ಯಾರು ಹೇಳಿ ಬರೆಸಬೇಕು, ಸಾಕ್ಷಿಗಳು ಯಾರು, ಮೊತ್ತ ಚಿಕ್ಕದಾದರೂ ಬರೆಯಲು ಬೇಸರಪಡಬಾರದು ಎಂಬಷ್ಟು ವಿವರ ಅದರಲ್ಲಿದೆ. ಪ್ರವಾದಿ ಯೂಸುಫ್(ಅ)ರು ಈಜಿಪ್ಟಿನಲ್ಲಿ ಮಾಡಿದ್ದಾದರೂ ಏನು? ಬೆಳೆ ಸಮೃದ್ಧವಾಗಿರುವ ಏಳು ವರ್ಷಗಳಲ್ಲಿ ಎಷ್ಟು ತಿನ್ನಬೇಕು, ಬರಲಿರುವ ಬರಗಾಲದ ಏಳು ವರ್ಷಗಳಿಗೆ ಎಷ್ಟು ಉಳಿಸಬೇಕು ಎಂಬ ಯೋಜನೆ. ಯೋಜನೆ ಹಾಕುವುದು ತವಕ್ಕುಲ್‌ಗೆ ವಿರುದ್ಧವಾಗಿದ್ದರೆ ಪ್ರವಾದಿಗಳು ಅದನ್ನು ಮಾಡುತ್ತಿರಲಿಲ್ಲ.

ಬರೆಯುವುದರಿಂದಾಗುವ ಇನ್ನೊಂದು ಲಾಭವಿದೆ. ಮನಸ್ಸಿನಲ್ಲಿರುವ ಲೆಕ್ಕ ಯಾವಾಗಲೂ ನಮ್ಮ ಆಸೆಯ ಪರವಾಗಿಯೇ ಇರುತ್ತದೆ. ಖರ್ಚು ಮರೆತುಹೋಗುತ್ತದೆ, ಲಾಭ ಮಾತ್ರ ನೆನಪಿರುತ್ತದೆ. ಕಾಗದದ ಮೇಲೆ ಬಂದ ಲೆಕ್ಕವನ್ನು ಬೇರೆಯವರು ಓದಬಲ್ಲರು, ಪ್ರಶ್ನಿಸಬಲ್ಲರು. ಅದಕ್ಕೆ ಇಂಗ್ಲಿಷ್ ಬೇಕಿಲ್ಲ, ಕಂಪ್ಯೂಟರ್ ಬೇಕಿಲ್ಲ. ಕನ್ನಡದಲ್ಲೋ ಉರ್ದುವಿನಲ್ಲೋ ಬರೆಯಿರಿ. ಶಾಲೆಯ ಮಕ್ಕಳ ಒಂದು ನೋಟು ಪುಸ್ತಕ ಸಾಕು.

ಬ್ಯಾಂಕಿಗೆ ಕೊಡುವ ಪ್ರಾಜೆಕ್ಟ್ ರಿಪೋರ್ಟ್ ಬೇರೆ, ಈ ಪುಸ್ತಕ ಬೇರೆ. ಅಲ್ಲಿ ಸಾಲ ಮಂಜೂರಾಗಲು ಬೇಕಾದ ಅಂಕಿಗಳನ್ನು ಮೊದಲೇ ಇಟ್ಟುಕೊಂಡು ಉಳಿದದ್ದನ್ನು ತುಂಬಿಸುವುದುಂಟು. ಈ ಪುಸ್ತಕದಲ್ಲಿ ನಾವು ಯಾರನ್ನೂ ಒಪ್ಪಿಸಬೇಕಾಗಿಲ್ಲ. ಈ ವ್ಯಾಪಾರ ಮಾಡಬಹುದೇ, ಮಾಡಬಾರದೇ ಎಂಬ ಪ್ರಶ್ನೆಗೆ ನಮಗೆ ನಾವೇ ಪ್ರಾಮಾಣಿಕ ಉತ್ತರ ಕೊಟ್ಟುಕೊಳ್ಳಬೇಕಷ್ಟೆ.

ಮೊದಲು ಮಾರುಕಟ್ಟೆಯ ದಾರಿ

ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾದಿಂದ ಮದೀನಕ್ಕೆ ಬರಿಗೈಯಲ್ಲಿ ಬಂದವರು. ಅವರ ಅನ್ಸಾರಿ ಸಹೋದರರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದಾಗ, ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆ ಎಲ್ಲಿದೆ ಎಂದಷ್ಟೇ ಕೇಳಿದರು. ಈ ಘಟನೆಯನ್ನು ನಾವು ಸ್ವಾಭಿಮಾನದ ಪಾಠವಾಗಿ ಹೇಳುತ್ತೇವೆ, ಅದು ಸರಿ. ಅದರಲ್ಲಿ ವ್ಯಾಪಾರದ ಪಾಠವೂ ಇದೆ. ಬಂಡವಾಳ ಸಿಗುತ್ತದೆಂದಾಗಲೂ ಅವರು ಮೊದಲು ವಿಚಾರಿಸಿದ್ದು ಮಾರುಕಟ್ಟೆಯನ್ನು.

ನಮ್ಮಲ್ಲಿ ಇದು ತಿರುಗುಮುರುಗಾಗಿದೆ. ಹಣ ಕೈಗೆ ಬಂತು, ಕಟ್ಟಡ ಸಿಕ್ಕಿತು, ಮುಂಗಡ ಕೊಟ್ಟಾಯಿತು, ಆಮೇಲೆ ಏನು ಮಾರುವುದೆಂಬ ಯೋಚನೆ. ಪಕ್ಕದವರ ಬಟ್ಟೆ ಅಂಗಡಿ ನಡೆಯುತ್ತಿದೆ, ನಾವೂ ಬಟ್ಟೆ ಅಂಗಡಿ ಹಾಕೋಣ. ಒಂದೇ ಬೀದಿಯಲ್ಲಿ ಮೊಬೈಲ್ ಅಂಗಡಿಗಳ ಸಾಲು, ಒಂದೇ ವೃತ್ತದಲ್ಲಿ ಚಪ್ಪಲಿ ಅಂಗಡಿಗಳ ಸಾಲು. ಗಿರಾಕಿಗಳು ಹಿಂದಿದ್ದಷ್ಟೇ, ಹಂಚಿಕೊಳ್ಳುವವರು ಮಾತ್ರ ಹೆಚ್ಚು.

ಆದ್ದರಿಂದ ಪುಸ್ತಕದ ಮೊದಲ ಪುಟದಲ್ಲಿ ಒಂದು ಪ್ರಶ್ನೆ ಇರಲಿ: ನಮ್ಮಿಂದ ಯಾರು ಕೊಳ್ಳುತ್ತಾರೆ, ಈಗ ಅವರು ಎಲ್ಲಿ ಕೊಳ್ಳುತ್ತಿದ್ದಾರೆ, ಅಲ್ಲಿಂದ ನಮ್ಮ ಬಳಿಗೆ ಏಕೆ ಬರಬೇಕು? ಎಲ್ಲರೂ ಕೊಳ್ಳುತ್ತಾರೆ ಎಂಬುದು ಉತ್ತರವಲ್ಲ. ನಮ್ಮ ಸಮುದಾಯದವರು ಬರುತ್ತಾರೆ ಎಂಬುದೂ ಸಾಕಾಗುವ ಉತ್ತರವಲ್ಲ. ಪಟ್ಟಣದ ಅಂಗಡಿ ಪಟ್ಟಣದ ಎಲ್ಲ ಜನರಿಂದ ಬದುಕುತ್ತದೆ. ಮದುವೆ ಬಟ್ಟೆಗೆ ಜನರು ಜಿಲ್ಲಾ ಕೇಂದ್ರಕ್ಕೆ ಹೋಗುತ್ತಾರೆಯೇ? ಕಾಲೇಜು ಹುಡುಗರು ಫೋನಿನಲ್ಲಿಯೇ ತರಿಸಿಕೊಳ್ಳುತ್ತಾರೆಯೇ? ಮಕ್ಕಳ ಬಟ್ಟೆಗೆ ಊರಿನಲ್ಲಿ ಒಳ್ಳೆಯ ಅಂಗಡಿ ಇದೆಯೇ? ಇದನ್ನು ಮನೆಯಲ್ಲಿ ಕುಳಿತು ತಿಳಿಯಲಾಗದು. ಅಂಥದೇ ಅಂಗಡಿಯ ಎದುರು ಒಂದು ವಾರ ನಿಂತು ಎಷ್ಟು ಜನ ಒಳಗೆ ಹೋದರು, ಎಷ್ಟು ಜನ ಕೈಯಲ್ಲಿ ಚೀಲ ಹಿಡಿದು ಹೊರಬಂದರು ಎಂದು ಎಣಿಸಬೇಕು. ಸೋಮವಾರ ಬೇರೆ, ಸಂತೆಯ ದಿನ ಬೇರೆ, ಸಂಬಳದ ವಾರ ಬೇರೆ. ಈ ಎಣಿಕೆಗೆ ಒಂದು ರೂಪಾಯಿಯೂ ಖರ್ಚಾಗದು, ಆದರೂ ಇದನ್ನು ಮಾಡುವವರು ವಿರಳ.

ಒಂದು ರೆಡಿಮೇಡ್ ಅಂಗಡಿಯ ಲೆಕ್ಕ

ಮಾತು ಬರಿಯ ಉಪದೇಶವಾಗಿ ಉಳಿಯಬಾರದೆಂದು ಒಂದು ಉದಾಹರಣೆಯನ್ನು ನಿಮ್ಮ ಮುಂದಿಡುತ್ತೇವೆ. ಇದರಲ್ಲಿರುವ ಅಂಕಿಗಳು ನಾವು ತಿಳಿಸಿ ಹೇಳಲಿಕ್ಕಾಗಿ ಊಹಿಸಿಕೊಂಡವು. ನಿಮ್ಮ ಊರಿನ ಅಂಕಿಗಳನ್ನು ನೀವು ತುಂಬಿಕೊಳ್ಳಿ. ಲೆಕ್ಕದ ರೀತಿ ಮಾತ್ರ ಬದಲಾಗದು.

ತಾಲೂಕು ಕೇಂದ್ರವೊಂದರಲ್ಲಿ ರೆಡಿಮೇಡ್ ಬಟ್ಟೆ ಅಂಗಡಿ. ಒಟ್ಟು ಬಂಡವಾಳ 12 ಲಕ್ಷ ರೂಪಾಯಿ. ಕಟ್ಟಡದ ಮಾಲಕರಿಗೆ ಮುಂಗಡ 2 ಲಕ್ಷ, ಕಪಾಟು, ಗಾಜು, ದೀಪ, ಬೋರ್ಡುಗಳಿಗೆ ಎರಡೂವರೆ ಲಕ್ಷ, ಮೊದಲ ದಾಸ್ತಾನಿಗೆ 5 ಲಕ್ಷ, ಪರವಾನಗಿ, ಬಿಲ್ಲಿನ ಯಂತ್ರ ಇತ್ಯಾದಿಗೆ 50 ಸಾವಿರ. ಉಳಿದ 2 ಲಕ್ಷ ಕೈಯಲ್ಲಿರುವ ಹಣ.

ಇನ್ನು ತಿಂಗಳ ಖರ್ಚು. ಬಾಡಿಗೆ 15 ಸಾವಿರ, ಇಬ್ಬರು ಕೆಲಸದವರಿಗೆ 24 ಸಾವಿರ, ವಿದ್ಯುತ್ತು ಮತ್ತು ಫೋನು 4 ಸಾವಿರ, ಸಾಗಾಟ, ಚೀಲ ಇತ್ಯಾದಿ 5 ಸಾವಿರ. ಒಟ್ಟು 48 ಸಾವಿರ. ಹೆಚ್ಚಿನವರ ಲೆಕ್ಕ ಇಲ್ಲಿಗೆ ನಿಲ್ಲುತ್ತದೆ. ಆದರೆ ಅಂಗಡಿಯವನ ಮನೆ ನಡೆಯಬೇಕಲ್ಲವೇ? ಅಕ್ಕಿ, ಹಾಲು, ಮಕ್ಕಳ ಶಾಲೆ, ಔಷಧಿ ಇವೆಲ್ಲ ಗಲ್ಲಾಪೆಟ್ಟಿಗೆಯಿಂದಲೇ ಹೋಗುತ್ತವೆ. ಅದನ್ನೂ ಸಂಬಳವೆಂದು ಬರೆಯಬೇಕು. 22 ಸಾವಿರ ಎಂದಿಟ್ಟುಕೊಂಡರೆ ತಿಂಗಳಿಗೆ ಒಟ್ಟು 70 ಸಾವಿರ.

ಈ 70 ಸಾವಿರ ಲಾಭದಿಂದ ಬರಬೇಕು. ಲಾಭ ಎಷ್ಟು? ಇಲ್ಲಿಯೇ ದೊಡ್ಡ ಎಡವಟ್ಟಾಗುತ್ತದೆ. 700 ರೂಪಾಯಿಗೆ ತಂದ ಅಂಗಿಗೆ 1,000 ರೂಪಾಯಿ ಬೆಲೆ ಇಟ್ಟವನು, 700ಕ್ಕೆ 300 ಸಿಕ್ಕಿತು, ಶೇಕಡಾ 43 ಲಾಭ ಎಂದು ಹಿಗ್ಗುತ್ತಾನೆ. ಆದರೆ ಗಲ್ಲಾಪೆಟ್ಟಿಗೆಗೆ ಬಂದ 1,000ದಲ್ಲಿ 300 ಎಂದರೆ ಶೇಕಡಾ 30 ಮಾತ್ರ. ಗಿರಾಕಿ ಚೌಕಾಸಿ ಮಾಡಿ 50 ರೂಪಾಯಿ ಕಡಿಮೆ ಮಾಡಿಸಿದರೆ 950ರಲ್ಲಿ 250, ಅಂದರೆ ಶೇಕಡಾ 26. ಅಳತೆ ಸರಿಹೋಗದೆ, ಫ್ಯಾಶನ್ ಹೋಗಿ, ಅಸಲಿಗೇ ಮಾರಬೇಕಾದ ಬಟ್ಟೆಗಳನ್ನೂ ಸೇರಿಸಿದರೆ ಶೇಕಡಾ 25 ಎಂದು ಹಿಡಿಯುವುದು ಕ್ಷೇಮ.

ಮಾರಾಟದ ಶೇಕಡಾ 25ರಿಂದ 70 ಸಾವಿರ ಬರಬೇಕಾದರೆ ತಿಂಗಳಿಗೆ 2 ಲಕ್ಷ 80 ಸಾವಿರದ ವ್ಯಾಪಾರವಾಗಬೇಕು. ತಿಂಗಳಿಗೆ 26 ದಿನವೆಂದರೆ ದಿನಕ್ಕೆ ಸುಮಾರು 10,800 ರೂಪಾಯಿ. ಒಬ್ಬ ಗಿರಾಕಿಯ ಬಿಲ್ಲು ಸರಾಸರಿ 600 ರೂಪಾಯಿ ಇದ್ದರೆ ದಿನಕ್ಕೆ 18 ಬಿಲ್ಲು. ಒಳಬಂದ ಮೂವರಲ್ಲಿ ಒಬ್ಬರು ಕೊಳ್ಳುತ್ತಾರೆಂದರೆ ದಿನಕ್ಕೆ 54 ಜನ ಮೆಟ್ಟಿಲು ಹತ್ತಬೇಕು. ಎದುರಿನ ಅಂಗಡಿಯ ಮುಂದೆ ನಿಂತು ಎಣಿಸಿ ಎಂದು ನಾವು ಹೇಳಿದ್ದು ಇದಕ್ಕಾಗಿಯೇ. ಹತ್ತು ವರ್ಷ ಹಳೆಯ ಅಂಗಡಿಗೇ ದಿನಕ್ಕೆ 40 ಜನ ಬರುತ್ತಿದ್ದರೆ ನಿಮ್ಮ ಹೊಸ ಅಂಗಡಿಗೆ 54 ಜನ ಎಲ್ಲಿಂದ ಬರುತ್ತಾರೆ?

ಈಗ ಶೇಕಡಾ 43 ಎಂದು ನಂಬಿದವನ ಪಾಡು ನೋಡಿ. ಅವನ ಲೆಕ್ಕದಲ್ಲಿ ತಿಂಗಳಿಗೆ 1 ಲಕ್ಷ 63 ಸಾವಿರದ ಮಾರಾಟ ಸಾಕು. ಅಷ್ಟು ಮಾರಾಟವಾಗುತ್ತಿರುವಾಗ ಅವನು ನಿಶ್ಚಿಂತ. ಆದರೆ ನಿಜವಾಗಿ ಸಿಗುವ ಲಾಭ 41 ಸಾವಿರವೂ ಇಲ್ಲ. ಪ್ರತಿ ತಿಂಗಳೂ 29 ಸಾವಿರಕ್ಕಿಂತ ಹೆಚ್ಚು ಕೊರತೆ. ಕೈಯಲ್ಲಿದ್ದ 2 ಲಕ್ಷ ಏಳು ತಿಂಗಳು ತುಂಬುವ ಮೊದಲೇ ಮುಗಿಯುತ್ತದೆ. ಆಮೇಲೆ ಮಾರಿದ ಬಟ್ಟೆಯ ಅಸಲನ್ನೇ ತಿನ್ನತೊಡಗುತ್ತಾನೆ. ಹೊಸ ಮಾಲು ಬರುವುದಿಲ್ಲ, ಕಪಾಟು ಬರಿದಾಗುತ್ತದೆ, ಬಂದ ಗಿರಾಕಿ ಬೇಕಾದ ಅಳತೆ ಸಿಗದೆ ಹಿಂದಿರುಗುತ್ತಾನೆ. ಹೊರಗಿನವರಿಗೆ ಇದು ಕಣ್ಣು ಬಿದ್ದಂತೆ ಕಾಣುತ್ತದೆ. ನಿಜವಾಗಿ ಇದು ಉದ್ಘಾಟನೆಯ ಹಿಂದಿನ ರಾತ್ರಿ ಮಾಡಬಹುದಾಗಿದ್ದ ಒಂದು ಭಾಗಾಕಾರದ ಲೆಕ್ಕ.

ಇದಕ್ಕೆ ಉದ್ರಿಯನ್ನೂ ಸೇರಿಸಿ. ಮಾರಾಟದ ಐದರಲ್ಲಿ ಒಂದು ಪಾಲು ಉದ್ರಿಯಾಗಿ ಎರಡು ತಿಂಗಳು ತಡವಾಗಿ ಬಂದರೆ, 2 ಲಕ್ಷ 80 ಸಾವಿರದ ವ್ಯಾಪಾರದಲ್ಲಿ 1 ಲಕ್ಷ 12 ಸಾವಿರ ರೂಪಾಯಿ ಸದಾ ಬೇರೆಯವರ ಕೈಯಲ್ಲಿರುತ್ತದೆ. ಕೈಯಲ್ಲಿರಿಸಿಕೊಂಡ ಹಣದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಯಿತು. ಉದ್ರಿ ಕೊಡಬೇಡಿ ಎನ್ನಲಾಗದು, ಊರಿನ ವ್ಯಾಪಾರ ಅದಿಲ್ಲದೆ ನಡೆಯದು. ಯಾರಿಗೆ, ಎಷ್ಟು, ಎಷ್ಟು ದಿನ ಎಂಬುದನ್ನು ಅಂಗಡಿ ತೆರೆಯುವ ಮೊದಲೇ ಬರೆದಿಟ್ಟರೆ 'ಇಲ್ಲ' ಎನ್ನುವುದು ಸುಲಭವಾಗುತ್ತದೆ.

ತಿಂಗಳು ತಿಂಗಳಿನ ಪುಟ

ವರ್ಷದ ಲೆಕ್ಕವನ್ನು ಹನ್ನೆರಡರಿಂದ ಭಾಗಿಸಿದರೆ ಬಟ್ಟೆ ವ್ಯಾಪಾರ ಅರ್ಥವಾಗದು. ಅದು ಹಬ್ಬಗಳ ವ್ಯಾಪಾರ. ನಮ್ಮ ಹಬ್ಬವಾದರೋ ಚಂದ್ರಮಾನದ್ದು, ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2017 ಮತ್ತು 2018ರಲ್ಲಿ ಈದುಲ್ ಫಿತ್ರ್ ಜೂನ್ ತಿಂಗಳಲ್ಲಿ ಬಂತು. ಮಳೆಗಾಲದ ಆರಂಭ, ಶಾಲೆ ತೆರೆಯುವ ಕಾಲ, ಹಬ್ಬ ಎಲ್ಲವೂ ಒಟ್ಟಿಗೆ. ಮನೆಯ ಹಣ ಶಾಲೆಯ ಶುಲ್ಕಕ್ಕೂ ಹೊಸ ಬಟ್ಟೆಗೂ ಹಂಚಿಹೋಯಿತು. 2025ರಲ್ಲಿ ಅದು ಮಾರ್ಚ್ ಕೊನೆಯಲ್ಲಿತ್ತು. 2030ರಲ್ಲಿ ಫೆಬ್ರವರಿಯ ಆರಂಭಕ್ಕೆ ಬರಲಿದೆ. ಹತ್ತು ವರ್ಷದ ಬಾಡಿಗೆ ಕರಾರು ಮಾಡುವವನು ಈ ಚಲನೆಯನ್ನು ಪುಸ್ತಕದಲ್ಲಿ ಗುರುತಿಸಿಕೊಳ್ಳಬೇಡವೇ? ದೀಪಾವಳಿ, ಕ್ರಿಸ್ಮಸ್, ಮದುವೆಯ ಋತು, ಮದುವೆಗಳಿಲ್ಲದ ಆಷಾಢ, ಜೂನ್‌ನ ಸಮವಸ್ತ್ರ ಇವೆಲ್ಲವೂ ತಮ್ಮ ತಮ್ಮ ತಿಂಗಳಿನಲ್ಲಿ ಬರಲಿ. ಹಬ್ಬದ ಮಾಲನ್ನು ಸಾಕಷ್ಟು ಮೊದಲೇ ತರಬೇಕು. ಸೂರತ್ತಿನ ಸೀರೆ, ತಿರುಪ್ಪೂರಿನ ಹೆಣೆದ ಬಟ್ಟೆ, ಬಳ್ಳಾರಿಯ ಜೀನ್ಸ್ ಎಲ್ಲಿಂದಲೇ ಬರಲಿ, ಹಣ ಮೊದಲು ಹೋಗುತ್ತದೆ, ಆಮೇಲೆ ಬರುತ್ತದೆ. ಯಾವ ತಿಂಗಳಲ್ಲಿ ಕೈ ಬರಿದಾಗುತ್ತದೆ ಎಂಬುದು ಈ ಪುಟದಿಂದ ಮಾತ್ರ ತಿಳಿಯುತ್ತದೆ.

ಮುಂದಿನ ಪುಟಕ್ಕೆ 'ಹೀಗಾದರೆ?' ಎಂದು ಹೆಸರಿಡಿ. 2020ರ ಹಬ್ಬ ಲಾಕ್‌ಡೌನಿನ ನೆರಳಿನಲ್ಲಿ ಕಳೆಯಿತು, 2021ರ ಹಬ್ಬವೂ ಹಾಗೆಯೇ. ಹಬ್ಬವನ್ನೇ ನಂಬಿದ್ದ ಅಂಗಡಿಗಳಿಗೆ ಸತತ ಎರಡು ವರ್ಷಗಳ ಪೆಟ್ಟು. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ದೇವಸ್ಥಾನಗಳ ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಮಳಿಗೆ ಹಾಕಲು ಅವಕಾಶ ನಿರಾಕರಿಸಲಾಯಿತು. ತಲೆಮಾರುಗಳಿಂದ ಜಾತ್ರೆಯಿಂದ ಜಾತ್ರೆಗೆ ಹೋಗಿ ಬದುಕು ಸಾಗಿಸಿದವರ ಅನ್ನಕ್ಕೆ ಅದು ಕೈ ಹಾಕಿತು. ಅದು ಅನ್ಯಾಯ, ಅದರ ವಿರುದ್ಧ ಕಾನೂನಿನ ದಾರಿಯಲ್ಲಿ ಮಾತನಾಡುವುದು ನಾಗರಿಕರೆಲ್ಲರ ಕರ್ತವ್ಯ. ಆದರೆ ನ್ಯಾಯ ಸಿಗುವವರೆಗೂ ಒಲೆ ಉರಿಯಬೇಕು. ಒಂದೇ ಋತುವನ್ನು, ಒಂದೇ ಬೀದಿಯನ್ನು, ಒಬ್ಬನೇ ಸಗಟು ವ್ಯಾಪಾರಿಯನ್ನು ನಂಬಿರುವ ವ್ಯಾಪಾರಕ್ಕೆ ಇನ್ನೊಂದು ಕಾಲು ಯಾವುದು ಎಂಬುದನ್ನು ಈ ಪುಟದಲ್ಲಿ ಬರೆಯಬೇಕು.

ಕಟ್ಟಡದ ಕರಾರೂ ಇದೇ ಪುಟಕ್ಕೆ ಸೇರುತ್ತದೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಕರಾರನ್ನು ನೋಂದಾಯಿಸಬೇಕೆಂಬ ಕಾನೂನಿರುವುದರಿಂದ ನಮ್ಮಲ್ಲಿ 11 ತಿಂಗಳ ಕರಾರು ರೂಢಿಯಾಗಿದೆ. ಎರಡೂವರೆ ಲಕ್ಷದ ಕಪಾಟು, ಗಾಜುಗಳನ್ನು ಗೋಡೆಗೆ ಹೊಡೆಸುವವನು 11 ತಿಂಗಳ ಕಾಗದದ ಮೇಲೆ ನಿಂತಿರುತ್ತಾನೆ. ವ್ಯಾಪಾರ ಕುದುರಿದ ಮೇಲೆ ಮಾಲಕರು ಬಾಡಿಗೆ ಏರಿಸಿದರೆ ಏನು ಗತಿ? ಗೋಡೆಗೆ ಹಾಕುವ ಹಣದಷ್ಟೇ ಯೋಚನೆಯನ್ನು ಕರಾರಿನ ಅವಧಿಗೂ ಕೊಡಬೇಕು.

ತೆರಿಗೆಯನ್ನೂ ಮರೆಯಬಾರದು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿಯನ್ನು 2019ರ ಏಪ್ರಿಲ್‌ನಿಂದ ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿಗೆ ಏರಿಸಲಾಯಿತು. ನಮ್ಮ ಉದಾಹರಣೆಯ ಅಂಗಡಿ ವರ್ಷಕ್ಕೆ 33 ಲಕ್ಷದ ಆಸುಪಾಸಿನಲ್ಲಿದೆ. ಸ್ವಲ್ಪ ಬೆಳೆದರೆ ಗೆರೆ ದಾಟುತ್ತದೆ. 2025ರ ಜುಲೈಯಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸು ಬಂದಾಗ ಉಂಟಾದ ಗಾಬರಿ ನಿಮಗೆ ನೆನಪಿರಬಹುದು. ಲೆಕ್ಕ ಬರೆದಿಟ್ಟವನು ಉತ್ತರ ಕೊಡಬಲ್ಲನು. ಮನೆಯ ಹಣವನ್ನೂ ಅಂಗಡಿಯ ಹಣವನ್ನೂ ಒಂದೇ ಖಾತೆಯಲ್ಲಿ ಬೆರೆಸಿದವನು ಏನೆಂದು ಉತ್ತರಿಸುತ್ತಾನೆ? ವರ್ಷಕ್ಕೊಮ್ಮೆ ದಾಸ್ತಾನು ಎಣಿಸದವನಿಗೆ ಸರಕಿನ ಝಕಾತನ್ನಾದರೂ ಸರಿಯಾಗಿ ಕೊಡಲು ಹೇಗೆ ಸಾಧ್ಯ?

ಬಂಧುತ್ವ ಮುರಿಯದಿರಲಿ

ಸಹೋದರರೇ, ಹಣ ಹೋದರೆ ಮತ್ತೆ ಗಳಿಸಬಹುದು. ಆದರೆ ವ್ಯಾಪಾರದಿಂದ ಅಣ್ಣತಮ್ಮಂದಿರ ನಡುವೆ, ಭಾವ ಭಾವಮೈದುನರ ನಡುವೆ ಮಾತು ನಿಂತುಹೋದ ಮನೆಗಳು ಎಷ್ಟಿಲ್ಲ? ಅಣ್ಣ ದುಬೈಯಿಂದ ಹಣ ಕಳುಹಿಸಿದ, ತಮ್ಮ ಅಂಗಡಿಯಲ್ಲಿ ಕುಳಿತ. ಐದು ವರ್ಷದ ಬಳಿಕ ಅಂಗಡಿ ಯಾರದು? ಹಣ ತನ್ನದೆಂದು ಅಣ್ಣ, ಬೆವರು ತನ್ನದೆಂದು ತಮ್ಮ. ಇಬ್ಬರೂ ಹೇಳುವುದು ಸತ್ಯವೇ. ಬರೆದಿಟ್ಟಿರಲಿಲ್ಲ ಎಂಬುದಷ್ಟೇ ಅಲ್ಲಿರುವ ಕೊರತೆ.

ನಮ್ಮವರಲ್ಲಿ ಕಾಗದ ಯಾಕೆ, ನಂಬಿಕೆಯಿಲ್ಲವೇ ಎಂದು ಕೇಳುವವರು ಈ ದೇಶದ ಕಾನೂನನ್ನು ತಿಳಿದಿರಬೇಕು. 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭವೂ ನಷ್ಟವೂ ಪಾಲುದಾರರಿಗೆ ಸರಿಸಮಾನ. 9 ಲಕ್ಷ ಹಾಕಿದವನಿಗೂ 3 ಲಕ್ಷ ಹಾಕಿದವನಿಗೂ ಒಂದೇ ಪಾಲು. ಒಪ್ಪಂದವಿಲ್ಲದಿದ್ದರೆ ದಿನವಿಡೀ ದುಡಿದ ಪಾಲುದಾರನಿಗೆ ಆ ದುಡಿಮೆಗಾಗಿ ಪ್ರತ್ಯೇಕ ಸಂಬಳ ಕೇಳುವ ಹಕ್ಕೂ ಇಲ್ಲ. ಒಬ್ಬ ಪಾಲುದಾರ ವ್ಯಾಪಾರಕ್ಕಾಗಿ ಮಾಡಿದ ಸಾಲಕ್ಕೆ ಇನ್ನೊಬ್ಬನೂ ಹೊಣೆ. ನೋಂದಣಿಯಾಗದ ಪಾಲುದಾರಿಕೆಯು ತನ್ನ ಒಪ್ಪಂದದ ಹಕ್ಕಿಗಾಗಿ ಹೊರಗಿನವರ ಮೇಲೆ ಸಿವಿಲ್ ದಾವೆ ಹೂಡಲಾರದು. ಅಂದರೆ ನಾವು ಬರೆಯದಿದ್ದರೆ ಏನೂ ಇಲ್ಲವೆಂದಲ್ಲ. ನಮ್ಮ ಬದಲಿಗೆ ಕಾನೂನು ಆಗಲೇ ಬರೆದಿಟ್ಟಿದೆ, ಅದು ನಮ್ಮ ಮನಸ್ಸಿನಲ್ಲಿದ್ದದ್ದೇ ಆಗಿರಬೇಕೆಂದಿಲ್ಲ.

ತಂದೆಯ ಅಂಗಡಿಯಲ್ಲಿ ಇಪ್ಪತ್ತು ವರ್ಷ ದುಡಿದ ಮಗನ ಸ್ಥಿತಿಯೂ ಹೀಗೆಯೇ. ಅವನು ಸಂಬಳದ ಕೆಲಸಗಾರನೇ, ಪಾಲುದಾರನೇ, ಅಥವಾ ತಂದೆಗೆ ನೆರವಾದ ಮಗನಷ್ಟೆಯೇ? ತಂದೆ ಬದುಕಿರುವಾಗ ಇದನ್ನು ಕೇಳುವುದು ಅಗೌರವವೆಂದು ಸುಮ್ಮನಿರುತ್ತಾರೆ. ತಂದೆಯ ಮರಣಾನಂತರ ಸಹೋದರಿಯರ ವಾರಸು ಹಕ್ಕು ಮತ್ತು ಮಗನ ದುಡಿಮೆಯ ಹಕ್ಕು ಎದುರುಬದುರಾಗುತ್ತವೆ. ಅವನು ಕೆಲಸಕ್ಕೆ ಕುಳಿತ ದಿನವೇ ಒಂದು ಪುಟ ಬರೆದಿದ್ದರೆ ಸಾಕಿತ್ತು.

ಮನೆಯ ಹೆಣ್ಣುಮಕ್ಕಳ ಚಿನ್ನದ ವಿಷಯವನ್ನೂ ಸ್ಪಷ್ಟವಾಗಿ ಹೇಳಬೇಕಾಗಿದೆ. ಮಹ್ರ್ ಪತ್ನಿಯ ಸ್ವಂತ ಸೊತ್ತು. ಅದನ್ನು ಕೇಳುವವನು ಅದು ಸಾಲವೇ, ಪಾಲು ಬಂಡವಾಳವೇ ಎಂದು ಅವಳಿಗೆ ತಿಳಿಸಬೇಕು, ಗ್ರಾಂ ಲೆಕ್ಕದಲ್ಲಿ ಬರೆದುಕೊಡಬೇಕು. ಯೋಜನೆಯ ಪುಸ್ತಕವನ್ನು ಅವಳ ಮುಂದೆ ಓದಿ ಹೇಳಬೇಕು. ಮನೆಯ ಖರ್ಚು ತಿಂಗಳಿಗೆ 22 ಸಾವಿರದಲ್ಲಿ ನಡೆಯುತ್ತದೆಯೇ ಎಂಬುದನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಬಡ್ಡಿಯ ಬಾಗಿಲು ತೆರೆಯುವುದೆಲ್ಲಿ?

ಬಡ್ಡಿಯ ಬಗ್ಗೆ ನಮ್ಮ ಪ್ರವಚನಗಳಲ್ಲಿ ಬೇಕಾದಷ್ಟು ಹೇಳಲಾಗಿದೆ. ಆದರೆ ಲೆಕ್ಕ ಬರೆಯದಿರುವುದೇ ನಮ್ಮನ್ನು ಬಡ್ಡಿಯ ಕಡೆಗೆ ತಳ್ಳುತ್ತದೆ ಎಂಬುದನ್ನು ಗಮನಿಸಿದವರು ಕಡಿಮೆ. ಮುದಾರಬಾದಲ್ಲಿ ಒಬ್ಬನ ಹಣ, ಇನ್ನೊಬ್ಬನ ದುಡಿಮೆ. ಲಾಭವನ್ನು ಮೊದಲೇ ಒಪ್ಪಿದ ಪ್ರಮಾಣದಲ್ಲಿ ಹಂಚಿಕೊಳ್ಳುತ್ತಾರೆ, ನಷ್ಟವಾದರೆ ಒಬ್ಬನ ಹಣ ಹೋಗುತ್ತದೆ, ಇನ್ನೊಬ್ಬನ ಶ್ರಮ ಹೋಗುತ್ತದೆ. ಇದಕ್ಕೆ ಲಾಭವೆಷ್ಟೆಂದು ತಿಳಿದಿರಬೇಕು. ಲೆಕ್ಕವೇ ಇಲ್ಲದವನು ಏನನ್ನು ಹಂಚುತ್ತಾನೆ? ಆದ್ದರಿಂದ ಸುಲಭದ ದಾರಿ ಹಿಡಿಯುತ್ತಾನೆ: ಒಂದು ಲಕ್ಷಕ್ಕೆ ತಿಂಗಳಿಗೆ ಎರಡು ಸಾವಿರ ಕೊಡುತ್ತೇನೆ. ಲಾಭವಾಗಲಿ ನಷ್ಟವಾಗಲಿ ಅದು ಕೊಡಲೇಬೇಕಾದ ಮೊತ್ತ. ಅದಕ್ಕೆ ಲಾಭವೆಂದು ಹೆಸರಿಟ್ಟರೂ ಅದು ಬಡ್ಡಿಯೇ. ಅಂಗಡಿ ಸೋಲುತ್ತಿರುವಾಗಲೂ ಅದು ಗಲ್ಲಾಪೆಟ್ಟಿಗೆಯನ್ನು ಬರಿದು ಮಾಡುತ್ತಿರುತ್ತದೆ.

ಹಣ ಹಾಕುವವರ ಹೊಣೆಯೂ ಇದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗ ಸಾವಿರಾರು ಮುಸ್ಲಿಮ್ ಕುಟುಂಬಗಳ ಉಳಿತಾಯ ಮಣ್ಣುಪಾಲಾಯಿತು. ಹಲಾಲ್ ಎಂಬ ಮಾತನ್ನು ಕೇಳಿದವರು, ತಿಂಗಳು ತಿಂಗಳು ಬರುವ ಈ ಹಣ ಯಾವ ವ್ಯಾಪಾರದಿಂದ ಬರುತ್ತಿದೆ, ಅದರ ಲೆಕ್ಕಪತ್ರ ಎಲ್ಲಿದೆ ಎಂದು ಕೇಳಿದ್ದರೆ ಹಣ ಹಾಕುವ ಮೊದಲು ಕೈ ಹಿಂಜರಿಯುತ್ತಿತ್ತು. ಇಂದು ನೆಂಟನೊಬ್ಬ ಬಂದು ಪಾಲು ಹಾಕಿ ಎಂದರೆ ಇದನ್ನೇ ಕೇಳಿ. ಪುಸ್ತಕ ತೋರಿಸಿ ಎನ್ನಿ. ತೋರಿಸಲು ಸಿಟ್ಟಾಗುವವನಿಗೆ ಹಣ ಕೊಡದಿರುವುದೇ ಅವನಿಗೂ ನಿಮಗೂ ಹಿತ.

ಕಲಿಯಲು ನಮ್ಮಲ್ಲಿ ಸೌಕರ್ಯವಿಲ್ಲದಿಲ್ಲ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಈಗ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಸ್ವ ಉದ್ಯೋಗ ತರಬೇತಿ ಸಂಸ್ಥೆಗಳನ್ನು ನಡೆಸುತ್ತಿವೆ. ಅಲ್ಲಿನ ತರಬೇತಿ ಉಚಿತ. ಯೋಜನಾ ವರದಿ ಬರೆಯುವುದನ್ನೂ ಅಲ್ಲಿ ಕಲಿಸಲಾಗುತ್ತದೆ. ನಮ್ಮ ಎಷ್ಟು ಯುವಕ ಯುವತಿಯರು ಆ ಬಾಗಿಲನ್ನು ತಟ್ಟಿದ್ದಾರೆ? ಸರಕಾರ ನಮಗೇನು ಮಾಡಿದೆ ಎಂದು ಕೇಳುವ ಹಕ್ಕು ನಮಗಿದೆ, ಸಾಚಾರ್ ವರದಿಯ ಬಳಿಕ ಆ ಪ್ರಶ್ನೆ ಇನ್ನಷ್ಟು ಗಟ್ಟಿಯಾಗಿದೆ. ತೆರೆದಿರುವ ಬಾಗಿಲಿನೊಳಗೆ ಹೋಗದವನ ಪ್ರಶ್ನೆಗೆ ಮಾತ್ರ ತೂಕ ಕಡಿಮೆ.

ನಿಲ್ಲಿಸುವ ಗೆರೆ

ಕೊನೆಯ ಪುಟ ಎಲ್ಲಕ್ಕಿಂತ ಕಷ್ಟದ್ದು. ಯಾವ ಹಂತಕ್ಕೆ ಬಂದರೆ ಅಂಗಡಿ ಮುಚ್ಚುತ್ತೇವೆ ಎಂಬುದನ್ನು ತೆರೆಯುವ ಮೊದಲೇ ಬರೆಯಬೇಕು. ಉದಾಹರಣೆಗೆ, ಹತ್ತನೆಯ ತಿಂಗಳಿನಲ್ಲಿಯೂ ಮಾರಾಟ 2 ಲಕ್ಷ ದಾಟದಿದ್ದರೆ, ಅಥವಾ ದಾಸ್ತಾನಿನ ಮೌಲ್ಯ 3 ಲಕ್ಷಕ್ಕೆ ಇಳಿದರೆ, ಹೊಸ ಸಾಲ ಮಾಡದೆ ಮಾಲು ಮಾರಿ, ಮುಂಗಡ ಹಿಂಪಡೆದು, ಉಳಿದದ್ದನ್ನು ಉಳಿಸಿಕೊಳ್ಳುತ್ತೇವೆ. ಹೀಗೆ ಬರೆದಿಟ್ಟವನು 12 ಲಕ್ಷದಲ್ಲಿ ಒಂದು ಪಾಲನ್ನಾದರೂ ಮನೆಗೆ ತರುತ್ತಾನೆ. ಬರೆಯದವನು ಮರ್ಯಾದೆಯ ಪ್ರಶ್ನೆಯೆಂದು ಉಳಿದ ಬಳೆಯನ್ನೂ ಅಡವಿಡುತ್ತಾನೆ. ಗೆರೆಯನ್ನು ಮನಸ್ಸು ಶಾಂತವಾಗಿರುವಾಗ ಎಳೆಯಬೇಕು; ನೀರು ಕುತ್ತಿಗೆಗೆ ಬಂದಾಗ ಯಾರಿಗೂ ಗೆರೆ ಕಾಣಿಸದು.

ಪುಸ್ತಕ ತುಂಬಿದ ಮೇಲೆ ಮೂವರಿಗೆ ಓದಲು ಕೊಡಿ. ಒಬ್ಬರು ಅದೇ ವ್ಯಾಪಾರವನ್ನು ಬೇರೆ ಊರಿನಲ್ಲಿ ಮಾಡುತ್ತಿರುವವರು. ಒಬ್ಬರು ಲೆಕ್ಕ ಬಲ್ಲವರು. ಇನ್ನೊಬ್ಬರು ನಿಮ್ಮ ಮನೆಯವರು. ಮೂವರೂ ಬೇಡವೆಂದರೆ ಅಲ್ಲಿಗೇ ಬಿಟ್ಟುಬಿಡಿ. ಹತ್ತು ಪುಟ ಬರೆದು ಆರಂಭಿಸದಿರಲು ತೀರ್ಮಾನಿಸಿದವನು ಸೋತವನಲ್ಲ. ಅವನು ಎರಡು ರೂಪಾಯಿಯ ಶಾಯಿಯಿಂದ 12 ಲಕ್ಷ ಉಳಿಸಿದವನು. ಆ ಹಣ ನಾಳೆ ಇನ್ನೊಂದು ಒಳ್ಳೆಯ ಯೋಜನೆಗೆ ಒದಗುತ್ತದೆ.

ಜಮಾಅತಿನ ಹಿರಿಯರಲ್ಲಿ ನಮ್ಮದೊಂದು ವಿನಂತಿಯಿದೆ. ನಮ್ಮ ಮಸೀದಿಗಳ ಸುತ್ತ ಅನುಭವೀ ವ್ಯಾಪಾರಿಗಳಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರಿದ್ದಾರೆ, ವಾಣಿಜ್ಯ ಪದವಿ ಪಡೆದ ಸಹೋದರಿಯರಿದ್ದಾರೆ. ತಿಂಗಳಿಗೊಂದು ಭಾನುವಾರ ಅವರು ಒಂದೆಡೆ ಕುಳಿತು, ಹೊಸದಾಗಿ ವ್ಯಾಪಾರಕ್ಕಿಳಿಯುವ ಯುವಕರ ಪುಸ್ತಕ ಓದಿ ಸಲಹೆ ಕೊಡುವಂತಾದರೆ ಅದಕ್ಕೆ ಕಟ್ಟಡ ಬೇಡ, ನಿಧಿ ಬೇಡ, ಭಾಷಣವೂ ಬೇಡ. ಮುಚ್ಚಿದ ಅಂಗಡಿಯವನಿಗೆ ಆಮೇಲೆ ಸಹಾಯಧನ ಸಂಗ್ರಹಿಸುವುದಕ್ಕಿಂತ ಇದು ಹಗುರದ ಕೆಲಸ.

ಮತ್ತು ಯುವಕರೇ, ಈ ಸಭೆಯಿಂದ ಹೋಗುವಾಗ ದಾರಿಯಲ್ಲಿ ಒಂದು ನೋಟು ಪುಸ್ತಕ ಕೊಂಡುಕೊಳ್ಳಿ. ಮೊದಲ ಪುಟದಲ್ಲಿ ವ್ಯಾಪಾರದ ಹೆಸರು ಬರೆಯುವ ಅವಸರ ಬೇಡ. ಯಾರ ಯಾರ ಹಣ ಇದರಲ್ಲಿ ಸೇರಲಿದೆಯೋ ಅವರ ಹೆಸರುಗಳನ್ನು ಬರೆಯಿರಿ, ಎದುರಿಗೆ ಮೊತ್ತವನ್ನು ಬರೆಯಿರಿ. ಆ ಹೆಸರುಗಳ ಮೇಲೆ ಕಣ್ಣಿಟ್ಟು ಮುಂದಿನ ಪುಟಗಳನ್ನು ತುಂಬಿರಿ. ಅಲ್ಲಾಹನು ನಿಮ್ಮ ದುಡಿಮೆಯಲ್ಲಿ ಬರಕತ್ ನೀಡಲಿ.